ಹಳೇ ಬೋರ್ಡು, ಗ್ರಾಫಿಕ್ಸ್ ಕಾರ್ಡು ಮತ್ತು ಲ್ಯಾಮಿಂಗ್ಟನ್ ರೋಡ್

ಹಳೇ ಕಂಪ್ಯೂಟರಿಗೆ ಗ್ರಾಫಿಕ್ಸ್ ಕಾರ್ಡ್ ಹಾಕಿಸಬೇಕು ಅಂತ ಯಾರಾದರೂ ಫೋನ್ ಮಾಡಿದರೆ ನಾನು ಮೊದಲು ಕೇಳುವುದು ಬೋರ್ಡಿನ, ಅಂದರೆ ಮದರ್‌ಬೋರ್ಡಿನ ಫೋಟೊ. ಪ್ರೊಸೆಸರ್ ಯಾವುದು, ರ‍್ಯಾಮ್ ಎಷ್ಟಿದೆ, ಎಷ್ಟು ಖರ್ಚು ಮಾಡುತ್ತೀರಿ, ಇದೆಲ್ಲ ಆಮೇಲೆ. ಕ್ಯಾಬಿನೆಟ್ಟಿನ ಪಕ್ಕದ ಮುಚ್ಚಳ ತೆಗೆದು, ಟಾರ್ಚ್ ಬಿಟ್ಟು, ಕಾರ್ಡ್ ಸಿಕ್ಕಿಸುವ ಸ್ಲಾಟುಗಳು ಸ್ಪಷ್ಟವಾಗಿ ಕಾಣುವ ಹಾಗೆ ಒಂದು ಫೋಟೊ ಸಾಕು. ಅರ್ಧ ಉತ್ತರ ಅದರಲ್ಲೇ ಇರುತ್ತದೆ.

ಮುಂಬಯಿ ಪಕ್ಕದ ಡೊಂಬಿವಲಿಯಲ್ಲಿ ನಮ್ಮ ಕನ್ನಡದವರು ಜಾಸ್ತಿ. ಹೋಟೆಲಿನ ಲೆಕ್ಕ ಬರೆಯುವವರು, ಮನೆಯಲ್ಲೇ ಟ್ಯೂಷನ್ ಹೇಳುವವರು, ಬ್ಯಾಂಕಿನಿಂದ ನಿವೃತ್ತರಾಗಿ ರಾತ್ರಿಯೆಲ್ಲ ಯೂಟ್ಯೂಬಿನಲ್ಲಿ ಯಕ್ಷಗಾನ ನೋಡುವವರು, ಸಂಘದ ಲೈಬ್ರರಿ ನೋಡಿಕೊಳ್ಳುವವರು. ಇವರ ಮನೆಗಳಲ್ಲಿ ಹತ್ತು, ಹದಿನೈದು ವರ್ಷದ ಕಂಪ್ಯೂಟರುಗಳು ಇನ್ನೂ ಓಡುತ್ತಿವೆ. ಓಡಬೇಕು ಕೂಡ. ಒಂದು ಬಿಡಿಭಾಗ ಹೋಯಿತು ಅಂತ ಇಡೀ ಯಂತ್ರವನ್ನು ಗುಜರಿಗೆ ಹಾಕುವುದು ನನಗೆ ಸರಿ ಅನ್ನಿಸುವುದಿಲ್ಲ. ಆದರೆ ಹಳೇ ಬೋರ್ಡಿಗೆ ತಪ್ಪು ಕಾರ್ಡ್ ತಂದರೆ ದುಡ್ಡೂ ಹೋಗುತ್ತದೆ, ಕೆಲವು ಸಲ ಬೋರ್ಡೂ ಹೋಗುತ್ತದೆ. ಅದಕ್ಕೇ ಇದನ್ನು ಒಮ್ಮೆ ಪೂರ್ತಿಯಾಗಿ ಬರೆದಿಡೋಣ ಅಂತ ಕೂತೆ.

ಅಂಗಡಿಯವರು ಹೇಳುವ ಮಾತು ಒಂದೇ: "ಬೈಠ್ ಜಾಯೇಗಾ." ಕೂತುಕೊಳ್ಳುತ್ತೆ ಅಂತ. ಕಾರ್ಡ್ ಸ್ಲಾಟಿನಲ್ಲಿ ಕೂತ ಮಾತ್ರಕ್ಕೆ ಅದು ಆ ಬೋರ್ಡಿಗೆ ಸರಿ ಅಂತಲ್ಲ. ಕೂರಲಿಲ್ಲ ಅಂದರೆ ನಡೆಯುವುದೇ ಇಲ್ಲ ಅಂತಲೂ ಅಲ್ಲ. ಯಾವ ಕಾಲದ ಬೋರ್ಡು ಅನ್ನುವುದರ ಮೇಲೆ ಎಲ್ಲ ನಿಂತಿದೆ. 2004ಕ್ಕಿಂತ ಹಿಂದಿನದ್ದಕ್ಕೆ ಒಂದು ನಿಯಮ, ಆಮೇಲಿನದ್ದಕ್ಕೆ ಬೇರೆಯೇ ನಿಯಮ.

ಹಿಂದಿನದ್ದರಿಂದ ಶುರು ಮಾಡುತ್ತೇನೆ, ಯಾಕೆಂದರೆ ಅಪಾಯ ಇರುವುದು ಅಲ್ಲಿ.

ಮಾಟುಂಗದ ಹತ್ತಿರ ನಮ್ಮವರೊಬ್ಬರ ಸಣ್ಣ ಪ್ರೆಸ್ ಇದೆ. ಮದುವೆ ಕರೆಯೋಲೆ, ಸಂಘದ ಸ್ಮರಣ ಸಂಚಿಕೆ, ಯಕ್ಷಗಾನದ ಕರಪತ್ರ, ಎಲ್ಲ ಕನ್ನಡದ ಕೆಲಸ. ಡಿಟಿಪಿ ಮಾಡುವ ಯಂತ್ರ ಪೆಂಟಿಯಂ 4, ಬೋರ್ಡಿನಲ್ಲಿ ಇಂಟೆಲ್ 845 ಚಿಪ್‌ಸೆಟ್, ಅಂದರೆ ಬೋರ್ಡನ್ನು ನಡೆಸುವ ಮುಖ್ಯ ಚಿಪ್ಪುಗಳು. ಪ್ರೆಸ್ ಮೊದಲ ಮಹಡಿಯಲ್ಲಿ ಇರುವುದರಿಂದ 2005ರ ಜುಲೈ 26ರ ನೀರಿಗೂ ಸಿಕ್ಕಲಿಲ್ಲ. ಸಾಂತಾಕ್ರೂಜಿನಲ್ಲಿ ಒಂದೇ ದಿನ 944 ಮಿಲಿಮೀಟರ್ ಮಳೆ ಸುರಿದ ಆ ದಿನ ಮುಂಬಯಿಯ ನೆಲಮಹಡಿಗಳಲ್ಲಿ ಏನೇನು ಮುಳುಗಿತು ಅಂತ ಇಲ್ಲಿದ್ದವರಿಗೆ ಗೊತ್ತು. ಆ ಯಂತ್ರವನ್ನು ಅವರು ಯಾಕೆ ಬದಲಿಸುವುದಿಲ್ಲ ಅಂತ ಹೊರಗಿನವರಿಗೆ ಆಶ್ಚರ್ಯ. ಅವರ ಕನ್ನಡ ಫಾಂಟ್ ಸಾಫ್ಟ್‌ವೇರಿಗೆ ಒಂದು ಡಾಂಗಲ್, ಅಂದರೆ ಬೀಗದ ಕೈಯಂಥ ಸಣ್ಣ ಸಾಧನ ಇದೆ, ಅದು ಹಳೇ ಪ್ರಿಂಟರ್ ಪೋರ್ಟಿಗೇ ಚುಚ್ಚಬೇಕು. ಇಷ್ಟು ವರ್ಷದ ಫೈಲುಗಳೆಲ್ಲ ಯೂನಿಕೋಡ್ ಬರುವುದಕ್ಕಿಂತ ಹಿಂದಿನ ಅಕ್ಷರಗಳಲ್ಲಿವೆ. ಪಠ್ಯವನ್ನು ಯೂನಿಕೋಡಿಗೆ ತಿರುಗಿಸುವ ಕನ್ವರ್ಟರುಗಳು ಇವೆ, ನಿಜ. ಆದರೆ ಪುಟ ಕಟ್ಟಿದ್ದು, ಒತ್ತಕ್ಷರ ಕೂತ ರೀತಿ, ಸಾಲು ಮುರಿದದ್ದು, ಇದನ್ನೆಲ್ಲ ಮತ್ತೆ ಕೈಯಿಂದಲೇ ಸರಿ ಮಾಡಬೇಕು. ಪ್ರತಿ ವರ್ಷ ಅದೇ ಕರೆಯೋಲೆಯ ಮಾದರಿಗೆ ಹೆಸರು, ದಿನಾಂಕ ಬದಲಿಸಿ ಕೊಡುವವರಿಗೆ ಅದು ದೊಡ್ಡ ಕೆಲಸ.

ಆ ಯಂತ್ರದ ಡಿಸ್‌ಪ್ಲೇ ಕಾರ್ಡ್, ಅಂದರೆ ಗ್ರಾಫಿಕ್ಸ್ ಕಾರ್ಡೇ, ಕೆಟ್ಟಿತು. ಫ್ಯಾನ್ ಹಿಡಿದುಕೊಂಡು ಚಿಪ್ ಬಿಸಿಯಾಗಿ, ಪರದೆಯ ತುಂಬ ಉದ್ದುದ್ದ ಗೆರೆ. ಕಾರ್ಡ್ ಎಜಿಪಿ, ಅಂದರೆ ಗ್ರಾಫಿಕ್ಸಿಗೆ ಅಂತಲೇ ಇದ್ದ ಹಳೇ ಬಗೆಯ ಸ್ಲಾಟಿನದು. ಬದಲಿಗೆ ಇನ್ನೊಂದು ಎಜಿಪಿ ಕಾರ್ಡ್ ಹಾಕಿದರೆ ಆಯಿತಲ್ಲ ಅಂತ ಅವರು ಅಂದರು. ಇಲ್ಲೇ ನಿಲ್ಲಬೇಕು.

ಎಜಿಪಿ ಅನ್ನುವುದು ಒಂದೇ ಸ್ಲಾಟ್ ಅಲ್ಲ. 1997ರಲ್ಲಿ ಇಂಟೆಲ್ 440ಎಲ್‌ಎಕ್ಸ್ ಚಿಪ್‌ಸೆಟ್ಟಿನ ಜೊತೆ ಅದು ಬಂತು. ಅದಕ್ಕೆ ಮುಂಚೆ ಡಿಸ್‌ಪ್ಲೇ ಕಾರ್ಡೂ ಪಿಸಿಐ ಸ್ಲಾಟಿನಲ್ಲೇ ಕೂರುತ್ತಿತ್ತು. ಸೌಂಡ್ ಕಾರ್ಡು, ಮೋಡೆಮ್ಮು, ಇದು, ಎಲ್ಲವೂ ಸೆಕೆಂಡಿಗೆ 133 ಎಂಬಿಯ ಒಂದೇ ದಾರಿಯನ್ನು ಹಂಚಿಕೊಳ್ಳಬೇಕಿತ್ತು. ಗ್ರಾಫಿಕ್ಸಿಗೆ ಅಂತಲೇ ಪ್ರತ್ಯೇಕ ದಾರಿ ಮಾಡಿಕೊಟ್ಟದ್ದು ಎಜಿಪಿ. ಮೊದಲಿಗೆ 266 ಎಂಬಿ, ಆಮೇಲೆ ಅದರ ಎರಡು ಪಟ್ಟಿನ 2 ಎಕ್ಸ್, ನಾಲ್ಕು ಪಟ್ಟಿನ 4 ಎಕ್ಸ್, ಕೊನೆಗೆ 8 ಎಕ್ಸಿನಲ್ಲಿ 2133 ಎಂಬಿ. ವೇಗ ಏರಿದ ಹಾಗೆ ಸಿಗ್ನಲ್ಲಿನ ವೋಲ್ಟೇಜ್ ಇಳಿಯುತ್ತಾ ಬಂತು. ಮೊದಲ ಕಾಲದ್ದು 3.3 ವೋಲ್ಟ್. 4 ಎಕ್ಸ್ ಬಂದಾಗ 1.5. 8 ಎಕ್ಸಿಗೆ 0.8. ತೊಂದರೆಯ ಮೂಲ ಇದೇ. 1.5 ವೋಲ್ಟಿಗೆ ಮಾತ್ರ ಮಾಡಿದ ಬೋರ್ಡಿಗೆ 3.3 ವೋಲ್ಟಿನ ಕಾರ್ಡ್ ಹಾಕಿ ಸ್ವಿಚ್ ಒತ್ತಿದರೆ ಬೋರ್ಡಿನ ಮುಖ್ಯ ಚಿಪ್ಪೇ ಸುಟ್ಟುಹೋಗಬಹುದು. ಇಂಟೆಲ್ 845 ಮತ್ತು 850 ಅಂಥವೇ, 1.5 ಬಿಟ್ಟು ಬೇರೆ ಒಪ್ಪುವುದಿಲ್ಲ.

ಇದನ್ನು ತಡೆಯಲಿಕ್ಕೆ ಸ್ಲಾಟಿನೊಳಗೆ ಒಂದು ಸಣ್ಣ ಅಡ್ಡಗೋಡೆ ಇಟ್ಟಿದ್ದಾರೆ, ಕಾರ್ಡಿನ ಚಿನ್ನದ ಬಣ್ಣದ ಅಂಚಿನಲ್ಲಿ ಅದಕ್ಕೆ ಸರಿಯಾಗಿ ಒಂದು ಕಚ್ಚು. ಕ್ಯಾಬಿನೆಟ್ಟಿನ ಹಿಂಬದಿ, ಅಂದರೆ ಮಾನಿಟರ್ ಕೇಬಲ್ ಸಿಕ್ಕಿಸುವ ಕಡೆಯಿಂದ ನೋಡುತ್ತಾ ಬನ್ನಿ. ಅಡ್ಡಗೋಡೆ ಆ ಕಡೆಗೇ ಹತ್ತಿರ ಇದ್ದರೆ ಸ್ಲಾಟ್ 3.3 ವೋಲ್ಟಿನದು. ದೂರದ ತುದಿಯ ಕಡೆ ಇದ್ದರೆ 1.5 ವೋಲ್ಟ್. ಅಡ್ಡಗೋಡೆಯೇ ಇಲ್ಲದಿದ್ದರೆ ಯೂನಿವರ್ಸಲ್, ಎರಡೂ ನಡೆಯುತ್ತದೆ. ಕಾರ್ಡಿನಲ್ಲೂ ಹಾಗೆಯೇ: ಲೋಹದ ಪಟ್ಟಿಯ ಹತ್ತಿರ ಕಚ್ಚಿದ್ದರೆ 3.3, ದೂರ ಇದ್ದರೆ 1.5, ಎರಡು ಕಚ್ಚಿದ್ದರೆ ಎರಡಕ್ಕೂ ಸರಿ. 1999ರ ವೂಡೂ 3 ಕಾರ್ಡುಗಳು 3.3ರವು. ಅವನ್ನು 845 ಬೋರ್ಡಿಗೆ ಒತ್ತಲು ಹೋದರೆ ಅಡ್ಡಗೋಡೆಯೇ ತಡೆಯುತ್ತದೆ. ಇದು ಬಹಳ ಒಳ್ಳೆಯ ಯೋಚನೆ. ಕೈಪಿಡಿ ಓದದವರನ್ನೂ ಕಾಪಾಡುತ್ತದೆ.

ಆದರೆ ಆ ಕಾಲದ ಕೆಲವು ಅಗ್ಗದ ಕಾರ್ಡುಗಳಲ್ಲಿ ಎರಡು ಕಚ್ಚು ಕೊಯ್ದಿದ್ದರೂ ಒಳಗಿನ ಚಿಪ್ 3.3 ವೋಲ್ಟಿನದೇ ಆಗಿತ್ತು. ಕಾರ್ಡ್ ಸಲೀಸಾಗಿ ಕೂರುತ್ತದೆ, ಬೋರ್ಡ್ ಸಾಯುತ್ತದೆ. ಹೀಗಾಗುವುದು ಗೊತ್ತಿದ್ದೇ ಆಸುಸ್ ತನ್ನ ಕೆಲವು ಪೆಂಟಿಯಂ 4 ಬೋರ್ಡುಗಳಲ್ಲಿ ಎಜಿಪಿ ಸ್ಲಾಟಿನ ಹತ್ತಿರ ಒಂದು ಕೆಂಪು ದೀಪ ಇಟ್ಟಿತ್ತು. ತಪ್ಪು ವೋಲ್ಟೇಜಿನ ಕಾರ್ಡ್ ಕೂತರೆ ದೀಪ ಹತ್ತುತ್ತದೆ, ಯಂತ್ರ ಶುರುವಾಗುವುದಿಲ್ಲ. ಎಲ್ಲ ಬೋರ್ಡುಗಳಲ್ಲಿ ಅಂಥದ್ದು ಇರಲಿಲ್ಲ. ಹಾಗಾಗಿ ಕಚ್ಚು ನೋಡಿದ್ದು ಸಾಲದು, ಚಿಪ್ ಯಾವುದು ಅಂತ ನೋಡಬೇಕು. 4 ಎಕ್ಸ್ ಅಥವಾ 8 ಎಕ್ಸ್ ಅಂತ ಖಾತ್ರಿ ಇರುವ ಚಿಪ್ ಆದರೆ 1.5ರ ಬೋರ್ಡಿಗೆ ಧೈರ್ಯವಾಗಿ ಹಾಕಬಹುದು.

ಪ್ರೆಸ್ಸಿನವರ ಜೊತೆ ಮುಂಬಯಿಯ ಕಂಪ್ಯೂಟರ್ ಅಂಗಡಿಗಳ ಬೀದಿ ಲ್ಯಾಮಿಂಗ್ಟನ್ ರೋಡಿಗೆ ಹೋದೆ. ಗ್ರಾಂಟ್ ರೋಡ್ ಸ್ಟೇಷನ್ನಿನಿಂದ ನಡೆದು ಹೋಗುವ ದೂರ. ದೊಡ್ಡ ಅಂಗಡಿಗಳಲ್ಲಿ ಎಜಿಪಿ ಅಂದರೆ ಕೌಂಟರಿನ ಹುಡುಗರಿಗೆ ಗೊತ್ತೇ ಇಲ್ಲ, ಅವರು ಹುಟ್ಟಿದ ಮೇಲೆ ಅದು ನಿಂತುಹೋಯಿತು, ಅವರದು ತಪ್ಪಲ್ಲ. ಒಳಗಿನ ಗಲ್ಲಿಯಲ್ಲಿ, ರಿಪೇರಿಯವರು ಕೂರುವ ಕಡೆ, ಒಂದು ಪ್ಲಾಸ್ಟಿಕ್ ಟಬ್ಬಿನಲ್ಲಿ ಹಳೇ ಕಾರ್ಡುಗಳನ್ನು ನಿಲ್ಲಿಸಿ ಇಟ್ಟಿದ್ದರು. ಅಂಗಡಿಯವರು ಒಂದೊಂದೇ ತೆಗೆದು ಕೊಟ್ಟರು. ಮೊದಲನೆಯದರ ಕಚ್ಚು ಲೋಹದ ಪಟ್ಟಿಯ ಪಕ್ಕದಲ್ಲೇ, ಅದು ಬೇಡ ಅಂತ ವಾಪಸ್ ಇಟ್ಟೆ. ಇನ್ನೊಂದಕ್ಕೆ ಎರಡು ಕಚ್ಚು, ಆದರೆ ಚಿಪ್ಪಿನ ಮೇಲೆ ಅಂಟಿಸಿದ ಹೀಟ್‌ಸಿಂಕ್ ಕೆಳಗೆ ಏನಿದೆ ಅಂತ ಕಾಣುವುದಿಲ್ಲ, ಹಿಂದೆ ಸ್ಟಿಕ್ಕರೂ ಇಲ್ಲ. ಅದೂ ಬೇಡ. ಆಮೇಲೆ ಸಿಕ್ಕಿದ್ದು ಜಿಫೋರ್ಸ್ ಎಫ್‌ಎಕ್ಸ್ 5200. 2003ರ 8 ಎಕ್ಸ್ ಕಾರ್ಡ್. 845ರ ಸ್ಲಾಟ್ 4 ಎಕ್ಸ್, ಆದರೆ 8 ಎಕ್ಸಿನ ಕಾರ್ಡ್ 1.5 ವೋಲ್ಟಿಗೆ ಇಳಿದು 4 ಎಕ್ಸಿನಲ್ಲಿ ಓಡುತ್ತದೆ. ಇದರ ಚಿಪ್ಪಿಗೆ ಫ್ಯಾನ್ ಇಲ್ಲ, ಬರೀ ಅಲ್ಯೂಮಿನಿಯಂ ರೆಕ್ಕೆಗಳು. ಪ್ರೆಸ್ಸಿನ ಧೂಳಿಗೆ ಅದೇ ವಾಸಿ.

ಕಾರ್ಡಿನ ಕಾಲುಗಳ ಮೇಲೆ ಮಸುಕು ಹಸಿರು ಪದರ ಕೂತಿತ್ತು. ಮುಂಬಯಿಯ ಹವೆ ಹೀಗೇ, ಸಮುದ್ರ, ಮಳೆ, ನಾಲ್ಕು ತಿಂಗಳು ಗೋಡೆಯೇ ಬೆವರುತ್ತದೆ. ಪೆನ್ಸಿಲ್ ಅಳಿಸುವ ಬಿಳೀ ರಬ್ಬರಿನಿಂದ ಒಂದೇ ದಿಕ್ಕಿನಲ್ಲಿ ಮೆಲ್ಲಗೆ ಉಜ್ಜಿ, ಐಸೊಪ್ರೊಪೈಲ್ ಆಲ್ಕೋಹಾಲ್ ಹಾಕಿ ಒರೆಸಿದರೆ ಮತ್ತೆ ಹೊಳಪು ಬರುತ್ತದೆ. ಮರಳು ಬೆರೆತ ಇಂಕ್ ರಬ್ಬರ್ ಬೇಡ, ಅದು ಚಿನ್ನದ ಲೇಪವನ್ನೇ ಕೆರೆದುಹಾಕುತ್ತದೆ. ಸ್ಲಾಟಿನೊಳಗೆ ಗಾಳಿ ಊದಿ, ತುದಿಯಲ್ಲಿರುವ ಕೊಕ್ಕೆ ಕಟ್ ಅಂತ ಸದ್ದು ಮಾಡುವ ತನಕ ನೇರವಾಗಿ ಒತ್ತಬೇಕು. ಎಜಿಪಿ ಕಾರ್ಡ್ ಅರ್ಧ ಕೂತು ಹಿಂದಿನ ತುದಿ ಎದ್ದಿದ್ದರೂ ತೊಂದರೆ, ಕಾಲುಗಳು ಎರಡು ಸಾಲಿನಲ್ಲಿ ಹೆಣೆದುಕೊಂಡಿರುವುದರಿಂದ ಒಂದರ ಜಾಗಕ್ಕೆ ಇನ್ನೊಂದು ತಾಗುತ್ತದೆ. ಹಾಗೇ ಸುತ್ತಲಿನ ಕೆಪಾಸಿಟರುಗಳ ತಲೆ ಉಬ್ಬಿದೆಯಾ ಅಂತಲೂ ನೋಡಿ. ಆ ಕಾಲದಲ್ಲಿ ಕಳಪೆ ಕೆಪಾಸಿಟರುಗಳು ಪ್ರಪಂಚದ ತುಂಬ ಬೋರ್ಡುಗಳಿಗೆ ಸೇರಿಬಿಟ್ಟಿದ್ದವು. ಕಾರ್ಡ್ ಕೆಟ್ಟಿದೆ ಅಂದುಕೊಂಡದ್ದು ಎಷ್ಟೋ ಸಲ ಅವುಗಳ ಕಾಟ.

ಪ್ರೆಸ್ಸಿನ ಯಂತ್ರ ಇವತ್ತಿಗೂ ಓಡುತ್ತಿದೆ. ನನಗೆ ಅದು ಬಹಳ ಸಂತೋಷದ ವಿಷಯ.

ಎಲ್ಲರ ಹಳೇ ಬೋರ್ಡಿನಲ್ಲಿ ಎಜಿಪಿ ಸ್ಲಾಟ್ ಇರುತ್ತದೆ ಅಂತ ನಂಬಿಕೊಂಡು ಕಾರ್ಡ್ ತರಬೇಡಿ. ಆಗ ಕಡಿಮೆ ಬೆಲೆಗೆ ಅಸೆಂಬಲ್ ಮಾಡಿಸಿದ ಯಂತ್ರಗಳಲ್ಲಿ 845ಜಿಎಲ್, 845ಜಿವಿ, 865ಜಿವಿ ಚಿಪ್‌ಸೆಟ್ಟಿನ ಬೋರ್ಡುಗಳು ತುಂಬ. ಡಿಸ್‌ಪ್ಲೇ ಬೋರ್ಡಿನಲ್ಲೇ ಇದೆ, ಎಜಿಪಿ ಇಲ್ಲವೇ ಇಲ್ಲ. 845ಜಿ ಮತ್ತು 845ಜಿವಿ ನಡುವೆ ಒಂದು ಅಕ್ಷರದ ವ್ಯತ್ಯಾಸ, ಆದರೆ ಒಂದರಲ್ಲಿ ದಾರಿ ಇದೆ, ಇನ್ನೊಂದರಲ್ಲಿ ಮುಚ್ಚಿದೆ. ಅಂಥ ಬೋರ್ಡಿಗೆ ಪಿಸಿಐ ಕಾರ್ಡೇ ಗತಿ. ಎಫ್‌ಎಕ್ಸ್ 5200, ಆಮೇಲೆ ಜಿಫೋರ್ಸ್ 8400 ಜಿಎಸ್ ಕೂಡ ಪಿಸಿಐ ರೂಪದಲ್ಲಿ ಬಂದಿದ್ದವು. ಆಟಕ್ಕೆ ಉಪಯೋಗ ಇಲ್ಲ, ಅಕ್ಷರ ಜೋಡಿಸಲು, ಲೆಕ್ಕ ಬರೆಯಲು ಧಾರಾಳ ಸಾಕು. ಕಾರ್ಡ್ ಹಾಕಿದ ಮೇಲೂ ಪರದೆ ಕಪ್ಪಾಗಿದ್ದರೆ ಹೆದರಬೇಡಿ. ಬಯೋಸಿನಲ್ಲಿ, ಅಂದರೆ ಯಂತ್ರವನ್ನು ಶುರು ಮಾಡುವ ಬೋರ್ಡಿನೊಳಗಿನ ಪ್ರೋಗ್ರಾಮಿನಲ್ಲಿ, ಮೊದಲು ಯಾವ ಡಿಸ್‌ಪ್ಲೇ ಎಬ್ಬಿಸಬೇಕು ಅನ್ನುವ ಸೆಟ್ಟಿಂಗ್ ಇರುತ್ತದೆ, ಅದನ್ನು ಪಿಸಿಐಗೆ ತಿರುಗಿಸಬೇಕು.

2004ರ ಜೂನಿನಲ್ಲಿ ಇಂಟೆಲ್ 915 ಮತ್ತು 925ಎಕ್ಸ್ ಚಿಪ್‌ಸೆಟ್ಟುಗಳ ಜೊತೆ ಪಿಸಿಐ ಎಕ್ಸ್‌ಪ್ರೆಸ್ ಅನ್ನುವ ಹೊಸ ಬಗೆಯ ಸ್ಲಾಟ್ ಬಂತು. ಎಜಿಪಿ ಕಾರ್ಡ್ ಇದಕ್ಕೆ ಹೋಗುವುದಿಲ್ಲ, ಇದರ ಕಾರ್ಡ್ ಎಜಿಪಿಗೆ ಹೋಗುವುದಿಲ್ಲ. ಆಗಷ್ಟೇ ದುಬಾರಿ ಎಜಿಪಿ ಕಾರ್ಡ್ ಕೊಂಡಿದ್ದವರಿಗೆ ಅದು ಕಷ್ಟದ ಕಾಲ. ಕೆಲವು ಕಂಪನಿಗಳು ಒಂದೇ ಬೋರ್ಡಿನಲ್ಲಿ ಎರಡೂ ಸ್ಲಾಟ್ ಇಟ್ಟು ಮಾರಿದವು. ಅವುಗಳಲ್ಲಿ ಕೆಲವು ಹೆಸರಿಗೆ ಮಾತ್ರ ಎಜಿಪಿ, ಒಳಗೆ ಪಿಸಿಐ ದಾರಿಗೇ ಜೋಡಿಸಿದ್ದು, ಹಾಗಾಗಿ ನಿಧಾನ. ಆದರೆ ಎಎಸ್‌ರಾಕ್ ಕಂಪನಿಯ 939ಡ್ಯುಯಲ್ ಸಾಟಾ 2 ಅನ್ನುವ ಬೋರ್ಡಿನಲ್ಲಿ ನಿಜವಾದ 8 ಎಕ್ಸ್ ಎಜಿಪಿಯೂ ಇತ್ತು, ಪೂರ್ತಿ 16 ಲೇನಿನ (ಲೇನ್ ಅಂದರೆ ಏನು ಅಂತ ಮುಂದೆ ಹೇಳುತ್ತೇನೆ) ಎಕ್ಸ್‌ಪ್ರೆಸ್ಸೂ ಇತ್ತು. ಹಳೇ ಕಾರ್ಡಿಗೆ ಗೌರವ ಕೊಟ್ಟ ಬೋರ್ಡ್ ಅಂತ ನನಗೆ ಅದರ ಮೇಲೆ ಪ್ರೀತಿ. ಕಾರ್ಡಿನ ಕಡೆಯವರೂ ಸೇತುವೆ ಚಿಪ್ ಹಾಕಿ ಹೊಸ ಚಿಪ್ಪುಗಳನ್ನು ಎಜಿಪಿಗೆ ತಂದರು, 2006ರಲ್ಲಿ ಜಿಫೋರ್ಸ್ 7800 ಜಿಎಸ್, 2008ರಲ್ಲಿ ರೇಡಿಯಾನ್ ಎಚ್‌ಡಿ 3850 ಕೂಡ. ಅಲ್ಲಿಗೆ ಎಜಿಪಿ ಮುಗಿಯಿತು ಅನ್ನಬಹುದು.

ಎಕ್ಸ್‌ಪ್ರೆಸ್ ಬಂದ ಮೇಲೆ ಬೋರ್ಡ್ ಸುಡುವ ಭಯ ಹೋಯಿತು. ಅದು ದೊಡ್ಡ ಉಪಕಾರ. 2004ರ ಸ್ಲಾಟಿಗೂ ಇವತ್ತಿನ ಕಾರ್ಡಿಗೂ ಆಕಾರ ಒಂದೇ, ವೋಲ್ಟೇಜಿನ ಜಗಳ ಇಲ್ಲ. ಕಾರ್ಡ್ ಮತ್ತು ಬೋರ್ಡ್ ಶುರುವಿನಲ್ಲೇ ಮಾತಾಡಿಕೊಂಡು, ಇಬ್ಬರಿಗೂ ಬರುವ ವೇಗಕ್ಕೆ ಒಪ್ಪಿಕೊಳ್ಳುತ್ತವೆ. ಒಂದು ಲೇನಿನಲ್ಲಿ ಒಂದು ದಿಕ್ಕಿಗೆ ಮೊದಲ ಪೀಳಿಗೆ ಸೆಕೆಂಡಿಗೆ 250 ಎಂಬಿ ಸಾಗಿಸುತ್ತಿತ್ತು, ಎರಡನೆಯದು 500, ಮೂರನೆಯದು ಹತ್ತಿರ ಹತ್ತಿರ 985. ಮುಂದೆಯೂ ಪ್ರತಿ ಪೀಳಿಗೆಗೆ ದುಪ್ಪಟ್ಟು. ಲೇನ್ ಅಂದರೆ ರಸ್ತೆಯ ಲೇನ್ ಇದ್ದ ಹಾಗೇ, ಜಾಸ್ತಿ ಇದ್ದಷ್ಟೂ ಒಟ್ಟಿಗೆ ಜಾಸ್ತಿ ಗಾಡಿ. ಇಪ್ಪತ್ತು ವರ್ಷ ಹಳೇ ಬೋರ್ಡು, ಹೊಸ ಕಾರ್ಡು ಒಂದನ್ನೊಂದು ಗುರುತಿಸುವಂತೆ ನಿಯಮ ಬರೆದವರನ್ನು ನಾನು ಮನಸಾರೆ ಮೆಚ್ಚುತ್ತೇನೆ.

ಆದರೆ ಕಣ್ಣಿಗೆ ಕಾಣುವ ಉದ್ದವನ್ನು ನಂಬಬಾರದು. ಬೋರ್ಡಿನಲ್ಲಿ ಎರಡು ಉದ್ದದ ಸ್ಲಾಟ್ ಇದ್ದರೆ ಎರಡನೆಯದರಲ್ಲಿ ಬಹಳ ಸಲ ನಾಲ್ಕೇ ಲೇನಿನ ತಂತಿ ಇರುತ್ತದೆ. ಟಾರ್ಚ್ ಹಿಡಿದು ಸ್ಲಾಟಿನ ಒಳಗೆ ನೋಡಿದರೆ ಗೊತ್ತಾಗುತ್ತದೆ, ಲೋಹದ ಕಾಲುಗಳು ಸ್ವಲ್ಪ ದೂರಕ್ಕೇ ನಿಂತು ಉಳಿದದ್ದು ಖಾಲಿ ಪ್ಲಾಸ್ಟಿಕ್. ಪ್ರೊಸೆಸರಿನ ಹತ್ತಿರದ ಮೊದಲ ಸ್ಲಾಟೇ ಸಾಮಾನ್ಯವಾಗಿ ಪೂರ್ತಿಯದು. ಇನ್ನೊಂದು ವಿಷಯ ಹೆಚ್ಚಿನವರಿಗೆ ಗೊತ್ತಿರುವುದಿಲ್ಲ. ಎಚ್61 ಚಿಪ್‌ಸೆಟ್ಟಿನಂಥ ಬೋರ್ಡುಗಳಲ್ಲಿ ಮೊದಲ ಸ್ಲಾಟಿನ ಲೇನುಗಳು ನೇರವಾಗಿ ಪ್ರೊಸೆಸರಿನಿಂದ ಬರುತ್ತವೆ. ಎರಡನೇ ತಲೆಮಾರಿನ ಕೋರ್ ಐ 5 ಪ್ರೊಸೆಸರ್ ಇದ್ದರೆ ಅದು ಎಕ್ಸ್‌ಪ್ರೆಸ್ 2.0, ಅಂದರೆ ಎರಡನೇ ಪೀಳಿಗೆ. ಅದೇ ಬೋರ್ಡಿಗೆ ಮೂರನೇ ತಲೆಮಾರಿನ ಐ 5 ಕೂರಿಸಿದರೆ, ಬೋರ್ಡ್ ಮತ್ತು ಬಯೋಸ್ ಒಪ್ಪಿದಲ್ಲಿ, 3.0 ಆಗುತ್ತದೆ. ಸ್ಲಾಟ್ ಅದೇ, ವೇಗ ದುಪ್ಪಟ್ಟು.

ಕೂರದ ಕಾರ್ಡೂ ನಡೆಯಬಹುದು ಅಂದೆನಲ್ಲ, ಅದು ಈ ಕಾಲದ್ದು. ಎಕ್ಸ್‌ಪ್ರೆಸ್ಸಿನ ದೊಡ್ಡ ಕಾರ್ಡ್ ಒಂದೇ ಲೇನ್ ಸಿಕ್ಕರೂ ಓಡುತ್ತದೆ. ಕೆಲವು ಬೋರ್ಡುಗಳಲ್ಲಿ ಸಣ್ಣ ಸ್ಲಾಟಿನ ಹಿಂತುದಿ ತೆರೆದೇ ಇರುತ್ತದೆ, ಉದ್ದದ ಕಾರ್ಡ್ ಅದರಲ್ಲಿ ಕೂತು ಉಳಿದ ಭಾಗ ಹೊರಗೆ ಚಾಚಿಕೊಂಡಿರುತ್ತದೆ. ಮುಚ್ಚಿದ ಸ್ಲಾಟನ್ನು ಬ್ಲೇಡಿನಿಂದ ಕೊಯ್ಯುವವರೂ ಇದ್ದಾರೆ. ನಾನು ಬೇಡ ಅನ್ನುತ್ತೇನೆ. ಕೈ ತಪ್ಪಿದರೆ ಬೋರ್ಡಿನ ಗೆರೆಯೇ ಕತ್ತರಿಸುತ್ತದೆ, ಮತ್ತು ಒಂದೇ ಲೇನಿನ ಆಕಾರದಲ್ಲೇ ಬಂದ ಜಿಟಿ 710 ಕಾರ್ಡುಗಳು ಇರುವಾಗ ಆ ಸಾಹಸ ಯಾಕೆ?

ಈಗಿನ ಹಳೇ ಯಂತ್ರಗಳಲ್ಲಿ ಸ್ಲಾಟಿಗಿಂತ ಕರೆಂಟೇ ದೊಡ್ಡ ಅಡ್ಡಿ. ಆಫೀಸುಗಳು ಬಿಟ್ಟ ಸಣ್ಣ ಡಬ್ಬಿಯಂಥ ಡೆಸ್ಕ್‌ಟಾಪುಗಳು ಮುಂಬಯಿಯಲ್ಲಿ ಕಡಿಮೆ ಬೆಲೆಗೆ ಸಿಗುತ್ತವೆ. ಡೆಲ್ ಆಪ್ಟಿಪ್ಲೆಕ್ಸ್ 7010 ಅಂಥದ್ದು. ಗಟ್ಟಿ ಯಂತ್ರ, ಮಕ್ಕಳ ಓದಿಗೆ ತುಂಬ ಚೆನ್ನ. ಆದರೆ ಅದರ ಸಣ್ಣ ಮಾದರಿಯಲ್ಲಿ ಪವರ್ ಸಪ್ಲೈ 240 ವ್ಯಾಟ್, ಕಾರ್ಡಿಗೆ ಬೇರೆ ತಂತಿ ಇಲ್ಲ, ಜಾಗವೂ ಅರ್ಧ ಎತ್ತರದ ಕಾರ್ಡಿಗೆ ಮಾತ್ರ. ಮಗ ಆಟ ಆಡುತ್ತಾನೆ ಅಂತ ಎರಡು ಫ್ಯಾನಿನ ಕಾರ್ಡ್ ತಂದು ಆಮೇಲೆ ಡಬ್ಬಿಯ ಮುಚ್ಚಳ ಹಾಕಲು ಆಗದೆ ಕೂತವರನ್ನು ನೋಡಿದ್ದೇನೆ.

ಲೆಕ್ಕ ಹೀಗಿದೆ. ಎಕ್ಸ್ 16, ಅಂದರೆ 16 ಲೇನಿನ ಉದ್ದದ ಸ್ಲಾಟ್ ತಾನೇ ಕೊಡುವುದು 75 ವ್ಯಾಟ್. ಕಾರ್ಡಿನ ಮೇಲೆ ಆರು ಪಿನ್ನಿನ ಕಿಂಡಿ ಇದ್ದರೆ ಇನ್ನೊಂದು 75, ಎಂಟು ಪಿನ್ನಾದರೆ 150. ಕೆಲವು ಸಣ್ಣ ಆಫೀಸ್ ಯಂತ್ರಗಳ ಸ್ಲಾಟಿನಲ್ಲಿ ಪೂರ್ತಿ 75 ಸಿಗುವುದೇ ಇಲ್ಲ, ಕಂಪನಿಯ ಕೈಪಿಡಿಯಲ್ಲಿ ಮಿತಿ ಬರೆದಿರುತ್ತದೆ, ಅದನ್ನು ಹುಡುಕಿ ಓದಿ. ಬೇರೆ ತಂತಿ ಬೇಡದ ಕಾರ್ಡುಗಳೂ ಇವೆ. ಜಿಟಿ 1030ಗೆ 30 ವ್ಯಾಟ್ ಸಾಕು, 2014ರ ಜಿಟಿಎಕ್ಸ್ 750 ಟಿಐಗೆ 60, 1050 ಟಿಐ ಮತ್ತು 1650ರ ಹಲವು ಮಾದರಿಗಳು 75ರ ಒಳಗೇ ಮುಗಿಸುತ್ತವೆ. ಅಸೆಂಬಲ್ಡ್ ಯಂತ್ರದವರು ಎಸ್‌ಎಂಪಿಎಸ್, ಅಂದರೆ ಪವರ್ ಸಪ್ಲೈ ಮೇಲೆ 450 ವ್ಯಾಟ್ ಅಂತ ದಪ್ಪಕ್ಷರದಲ್ಲಿ ಇದ್ದರೆ ಅದನ್ನೇ ನಂಬಿಬಿಡುತ್ತಾರೆ. ಅದೇ ಸ್ಟಿಕ್ಕರಿನಲ್ಲಿ 12 ವೋಲ್ಟಿನ ಸಾಲು ಹುಡುಕಿ. ಅಲ್ಲಿ ಎಷ್ಟು ಆಂಪಿಯರ್ ಇದೆಯೋ ಅದನ್ನು 12ರಿಂದ ಗುಣಿಸಿ. ಪ್ರೊಸೆಸರ್, ಕಾರ್ಡ್ ಎರಡೂ ಮುಖ್ಯವಾಗಿ ಅದರಿಂದಲೇ ಎಳೆಯುತ್ತವೆ. 14 ಆಂಪಿಯರ್ ಅಂತ ಇದ್ದರೆ 168 ವ್ಯಾಟ್ ಅಷ್ಟೇ. ಹಾರ್ಡ್ ಡಿಸ್ಕಿನ ತಂತಿಯನ್ನು ಆರು ಪಿನ್ ಮಾಡುವ ಅಗ್ಗದ ಅಡಾಪ್ಟರನ್ನು ಅಂಥ ಎಸ್‌ಎಂಪಿಎಸ್‌ಗೆ ಹಾಕಲೇಬೇಡಿ. ತಂತಿ ಕರಗಿದ ಮನೆ ನೋಡಿದ್ದೇನೆ.

ಎಲ್ಲ ಸರಿ ಇದ್ದೂ ಪರದೆ ಬರದಿರುವುದು ಇನ್ನೊಂದು ಬಗೆ. ಫ್ಯಾನ್ ತಿರುಗುತ್ತದೆ, ಮಾನಿಟರಿನಲ್ಲಿ ಏನೂ ಇಲ್ಲ. ಇದು ಬಯೋಸಿನ ವಿಷಯ. ಮೊದಲ ಪೀಳಿಗೆಯ ಎಕ್ಸ್‌ಪ್ರೆಸ್ ಬೋರ್ಡುಗಳಲ್ಲಿ ಕೆಲವು, ಆಮೇಲೆ ಬಂದ ಎಕ್ಸ್‌ಪ್ರೆಸ್ 2.1ರ ಕಾರ್ಡನ್ನು ಬಯೋಸ್ ಅಪ್‌ಡೇಟ್ ಮಾಡದೆ ಎಬ್ಬಿಸುತ್ತಿರಲಿಲ್ಲ. ಈಗಿನ ಬೋರ್ಡುಗಳಲ್ಲಿರುವುದು ಬಯೋಸಿನ ಹೊಸ ರೂಪ, ಯುಇಎಫ್‌ಐ. ಹಳೇ ಕಾರ್ಡಿಗೆ ಆ ಭಾಷೆ ಬರುವುದಿಲ್ಲ, ಹಾಗಾಗಿ ಬೋರ್ಡನ್ನು ಹಳೇ ಬಯೋಸಿನ ಹಾಗೆ ನಡೆಸುವ ಸಿಎಸ್‌ಎಂ ಅನ್ನುವ ಸೆಟ್ಟಿಂಗ್ ಆನ್ ಮಾಡಬೇಕಾಗುತ್ತದೆ. ಆದ್ದರಿಂದ ಹೊಸ ಕಾರ್ಡ್ ತರುವ ಮುಂಚೆಯೇ, ಹಳೇ ಡಿಸ್‌ಪ್ಲೇ ನಡೆಯುತ್ತಿರುವಾಗಲೇ ಬಯೋಸ್ ಅಪ್‌ಡೇಟ್ ಮಾಡಿ ಮುಗಿಸಿ. ಮಳೆಗಾಲದಲ್ಲಿ ಕರೆಂಟ್ ಹೋಗುವ ಹೊತ್ತಿನಲ್ಲಿ ಮಾತ್ರ ಬೇಡ, ಮಧ್ಯದಲ್ಲಿ ನಿಂತರೆ ಬೋರ್ಡೇ ಏಳುವುದಿಲ್ಲ.

ಇಷ್ಟೆಲ್ಲ ನೋಡಿದ ಮೇಲೂ ಯಾಕೆ ಕಾರ್ಡ್ ಬೇಕು ಅಂತ ಒಮ್ಮೆ ಕೇಳಿಕೊಳ್ಳಿ. ನಮ್ಮ ಯಕ್ಷಗಾನದ ಹಿರಿಯರ ಯಂತ್ರ ಜಿ41 ಚಿಪ್‌ಸೆಟ್ಟಿನ ಕೋರ್ 2 ಡ್ಯುಯೊ. ಯೂಟ್ಯೂಬಿನಲ್ಲಿ ಎಚ್‌ಡಿ ಹಾಕಿದರೆ ಭಾಗವತರ ಹಾಡು ಮುಂದೆ ಹೋಗಿ ವೇಷ ಹಿಂದೆ ಉಳಿಯುತ್ತದೆ. ಯೂಟ್ಯೂಬ್ ಹೆಚ್ಚಾಗಿ ವಿಪಿ9 ಅನ್ನುವ ರೂಪದಲ್ಲಿ ವಿಡಿಯೊ ಕಳಿಸುತ್ತದೆ, ಅದನ್ನು ಬಿಡಿಸುವ ಕೆಲಸ ಪೂರ್ತಿ ಹಳೇ ಪ್ರೊಸೆಸರಿನ ಮೇಲೆ ಬೀಳುತ್ತದೆ. ಅವರಿಗೆ ಅಂಗಡಿಯಲ್ಲಿ ಜಿಟಿ 710 ಕೊಡುತ್ತೇವೆ ಅಂದರಂತೆ. ಅದು ಸ್ಲಾಟಿಗೆ ಸರಿ, ಕರೆಂಟಿಗೆ ಸರಿ, ಕೆಲಸಕ್ಕೆ ಮಾತ್ರ ಆಗುವುದಿಲ್ಲ, ಅದಕ್ಕೆ ವಿಪಿ9 ಬಿಡಿಸಲು ಬರುವುದಿಲ್ಲ. ಜಿಟಿ 1030ಗೆ ಬರುತ್ತದೆ. ಅದರ ತಂತಿ ನಾಲ್ಕೇ ಲೇನಿನದು, ಜಿ41ರ ಹಳೇ ಸ್ಲಾಟಿನಲ್ಲಿ ಸೆಕೆಂಡಿಗೆ 1 ಜಿಬಿ ಸಿಗುತ್ತದೆ, ವಿಡಿಯೊಗೆ ಅದು ಏನೇನೂ ಕಡಿಮೆ ಅಲ್ಲ. ಅದರಲ್ಲೂ ಎರಡು ಬಗೆ ಇದೆ. ಮೊದಲು ಬಂದದ್ದು ಜಿಡಿಡಿಆರ್5 ಮೆಮೊರಿಯದು, ಸೆಕೆಂಡಿಗೆ 48 ಜಿಬಿ. 2018ರಲ್ಲಿ ಅದೇ ಹೆಸರಿನಲ್ಲಿ ಡಿಡಿಆರ್4 ಹಾಕಿ ತಂದದ್ದು 16.8 ಜಿಬಿ. ಡಬ್ಬದ ಮೇಲಿನ ಸಣ್ಣ ಅಕ್ಷರ ಓದದೆ ದುಡ್ಡು ಕೊಡಬೇಡಿ. ಹೀಗೆ ಒಂದೇ ಹೆಸರಿನಲ್ಲಿ ಕಡಿಮೆ ಮಾಲು ಮಾರುವುದು ಗಿರಾಕಿಗೆ ಮಾಡುವ ಅನ್ಯಾಯ, ಇದನ್ನು ನಾನು ಯಾರ ಎದುರಾದರೂ ಹೇಳುತ್ತೇನೆ.

ಹಳೇ ಬೋರ್ಡಿನ ಹುಡುಗರು ಹೊಸ ಕಾರ್ಡ್ ಕೊಳ್ಳುವಾಗ ಮೋಸ ಹೋಗುವುದು ಲೇನಿನಲ್ಲಿ. 2022ರಲ್ಲಿ ಬಂದ ರೇಡಿಯಾನ್ ಆರ್‌ಎಕ್ಸ್ 6400 ಮತ್ತು 6500 ಎಕ್ಸ್‌ಟಿ ನೋಡಲು ಉದ್ದದ ಕಾರ್ಡುಗಳು, ತಂತಿ ಮಾತ್ರ ನಾಲ್ಕು ಲೇನಿನದು. ಎಕ್ಸ್‌ಪ್ರೆಸ್ 4.0 ಬೋರ್ಡಿನಲ್ಲಿ ಸೆಕೆಂಡಿಗೆ ಸುಮಾರು 8 ಜಿಬಿ ಸಿಗುತ್ತದೆ, ತೊಂದರೆ ಇಲ್ಲ. ಎರಡನೇ ತಲೆಮಾರಿನ ಐ 5 ಇರುವ ಎಚ್61ರಲ್ಲಿ ಅದೇ ಕಾರ್ಡಿಗೆ 2 ಜಿಬಿ. ಕಾರ್ಡಿನ 4 ಜಿಬಿ ಮೆಮೊರಿ ತುಂಬಿದ ಕೂಡಲೇ ಆಟ ತಡವರಿಸುತ್ತದೆ. ಅಂದರೆ ಕಡಿಮೆ ದುಡ್ಡಿನವರಿಗೆ, ಹಳೇ ಬೋರ್ಡಿನವರಿಗೆ ಅಂತ ಬಂದ ಕಾರ್ಡೇ ಅವರ ಬೋರ್ಡಿನಲ್ಲಿ ಸೋಲುತ್ತದೆ. ಪೂರ್ತಿ 16 ಲೇನಿನ 1650 ಅಲ್ಲಿ ಹೆಚ್ಚು ಭದ್ರ. ಇಂಟೆಲ್ ಆರ್ಕ್ ಕಾರ್ಡುಗಳಂತೂ ರೀಸೈಜಬಲ್ ಬಾರ್ ಅನ್ನುವ, ಕಾರ್ಡಿನ ಮೆಮೊರಿಯನ್ನೆಲ್ಲ ಪ್ರೊಸೆಸರಿಗೆ ಒಟ್ಟಿಗೆ ಕಾಣಿಸುವ ಸೌಲಭ್ಯ ಬೋರ್ಡಿನಲ್ಲಿ ಇದ್ದರೆ ಮಾತ್ರ ಸರಿಯಾಗಿ ಓಡುತ್ತವೆ. ಎಚ್61 ಕಾಲದ ಬೋರ್ಡಿಗೆ ಅವು ಬೇಡವೇ ಬೇಡ.

ಡೊಂಬಿವಲಿ, ಕಲ್ಯಾಣ ಕಡೆಯವರು ಸಾಧ್ಯವಾದರೆ ಕ್ಯಾಬಿನೆಟ್ಟನ್ನೇ ಹೊತ್ತುಕೊಂಡು ಹೋಗಿ. ಗರ್ದಿ ಇಳಿದ ಮೇಲೆ, ಹನ್ನೊಂದರ ಸುಮಾರಿನ ಲೋಕಲ್ ಹಿಡಿದು ದಾದರಿನಲ್ಲಿ ವೆಸ್ಟರ್ನ್ ಲೈನಿಗೆ ಬದಲಿಸಿದರೆ ಗ್ರಾಂಟ್ ರೋಡ್. ಹಳೇ ಕಾರ್ಡಿಗೆ ಅಂಗಡಿಯವರು ಕೊಡುವುದು ಟೆಸ್ಟಿಂಗ್ ವಾರಂಟಿ, ಅಂದರೆ ಹಾಕಿ ನೋಡಲು ಕೆಲವು ದಿನ ಅಷ್ಟೇ. ಅವರ ಟೇಬಲ್ಲಿನ ಬೋರ್ಡಿನಲ್ಲಿ ಓಡಿಸಿ ತೋರಿಸುತ್ತಾರೆ, ಅದು ಸಾಲದು, ನಿಮ್ಮ ಬೋರ್ಡಿಗೇ ಹಾಕಿಸಿ. ಡ್ರೈವರ್ ಹಾಕಿ, ಒಂದು ವಿಡಿಯೊ ಓಡಿಸಿ, ಹತ್ತು ನಿಮಿಷ ಬಿಸಿಯಾಗಲು ಬಿಡಿ, ಒಮ್ಮೆ ಪೂರ್ತಿ ಆಫ್ ಮಾಡಿ ಮತ್ತೆ ಆನ್ ಮಾಡಿಸಿ. ಒಳ್ಳೆಯ ಅಂಗಡಿಯವರು ಇದಕ್ಕೆ ಬೇಜಾರು ಮಾಡುವುದಿಲ್ಲ, ಚಹಾ ತರಿಸಿ ಕೂರಿಸುತ್ತಾರೆ. ಬೇಡ ಅಂದವರ ಹತ್ತಿರ ಕೊಳ್ಳಬೇಡಿ, ಪಕ್ಕದಲ್ಲೇ ಇನ್ನೊಂದು ಅಂಗಡಿ ಇದೆ. ಭಾನುವಾರ ಹೆಚ್ಚಿನವು ಮುಚ್ಚಿರುತ್ತವೆ, ಶನಿವಾರ ಹೋಗಿ.